ಮೂರು ಗಡಿಗಳ ಊರಿನಲ್ಲಿ ಎರಡು ದಿನ

ಐವತ್ತರ ಹೊಸ್ತಿಲಲ್ಲಿ ನಿಂತು ಮತ್ತೆ ವಿದ್ಯಾರ್ಥಿಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಬೆಳಗ್ಗೆ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, ಗಂಟೆಯಾಗುವ ಮೊದಲೇ ತರಗತಿಯನ್ನು ಸೇರಿ, ಹಿಂದಿನ ಬೆಂಚಿನಲ್ಲಿ ಜಾಗ ಹಿಡಿದು ಕುಳಿತುಕೊಳ್ಳುವ ಆ ಯೋಗ ನಮಗೆ 2019ರ ಬೇಸಗೆಯಲ್ಲಿ ಒದಗಿ ಬಂದಿತು. ಅದೂ ನೈಋತ್ಯ ಜರ್ಮನಿಯ ಫ್ರೈಬುರ್ಗ್ ಎಂಬ ಊರಿನಲ್ಲಿ. ಬೇರೆ ಬೇರೆ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತಿರುವ ತರಗತಿಯಲ್ಲಿ ಪಾಠ ಹೇಳುವ ಬಗೆ ಹೇಗೆಂಬುದು ಹತ್ತು ವಾರಗಳ ಆ ವ್ಯಾಸಂಗದ ವಿಷಯ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಹಲಗೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಕೊಂಕಣಿ ಅಥವಾ ಬ್ಯಾರಿ ಎಂದು ಬದುಕುವ ಕಾಸರಗೋಡಿನವರು ಇದನ್ನು ಕಲಿಯಲು ಸಮುದ್ರ ದಾಟಬೇಕೆ ಎಂದು ನಮ್ಮೂರಿನ ಹಿರಿಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಆಗ ಉತ್ತರವಿರಲಿಲ್ಲ.

ಪಕ್ಕದ ಆಸನದಲ್ಲಿ ಕುಳಿತವರು ನಮಗಿಂತ ನಾಲ್ಕೈದು ವರ್ಷ ಹಿರಿಯರಾದ ಒಬ್ಬ ಹಳ್ಳಿಶಾಲೆಯ ಮುಖ್ಯೋಪಾಧ್ಯಾಯರು. ಇಟಲಿಯಿಂದ ಬಂದವರೆಂದು ಹೆಸರಿನ ಚೀಟಿಯಲ್ಲಿತ್ತು. ಆದರೆ ಮಾತೆಲ್ಲ ಜರ್ಮನ್. ಮೊದಲ ದಿನದ ಚಹಾದ ಹೊತ್ತಿನಲ್ಲಿ, ಇಬ್ಬರಿಗೂ ಅಷ್ಟಕ್ಕಷ್ಟೇ ಬರುವ ಇಂಗ್ಲಿಷಿನಲ್ಲಿ, "ಇಟಲಿಯವರಾಗಿ ನಿಮ್ಮ ಮನೆಮಾತು ಇಟಾಲಿಯನ್ ಅಲ್ಲವೇ?" ಎಂದು ಕೇಳಿದೆವು. ಅವರು ನಕ್ಕು, "ಕೇರಳದವರಾಗಿ ನಿಮ್ಮದು ಮಲಯಾಳವೇ?" ಎಂದು ಮರುಪ್ರಶ್ನೆ ಹಾಕಿದರು. ಹಿಂದಿನ ರಾತ್ರಿಯೇ ಅವರು ಭೂಪಟ ತೆಗೆದು ಕಾಸರಗೋಡನ್ನು ಹುಡುಕಿದ್ದರಂತೆ. ಸ್ನೇಹ ಬೆಳೆಯಲು ಬೇರೆ ಕಾರಣ ಬೇಕಾಗಲಿಲ್ಲ.

ಅವರ ಊರು ದಕ್ಷಿಣ ಟೈರೋಲ್. ಆಲ್ಪ್ಸ್ ಪರ್ವತದ ತೆಂಕಣ ಇಳಿಜಾರಿನಲ್ಲಿರುವ ಈ ನಾಡು ಮೊದಲನೆಯ ಮಹಾಯುದ್ಧದವರೆಗೆ ಆಸ್ಟ್ರಿಯದ ಅರಸರ ಕೈಯಲ್ಲಿತ್ತು. 1919ರ ಒಡಂಬಡಿಕೆಯಲ್ಲಿ ಇಟಲಿಗೆ ಸೇರಿತು. ಜನರು ಇದ್ದಲ್ಲಿಯೇ ಇದ್ದರು, ಗಡಿ ಅವರನ್ನು ದಾಟಿಕೊಂಡು ಹೋಯಿತು. 1956ರ ನವೆಂಬರ್ ಒಂದರಂದು ನಮ್ಮ ಹಿರಿಯರಿಗಾದದ್ದೂ ಅದೇ ಅಲ್ಲವೇ? ಈ ಒಂದು ಹೋಲಿಕೆಯನ್ನು ಹಿಡಿದು ನಾವಿಬ್ಬರೂ ಎಷ್ಟೋ ಸಂಜೆಗಳನ್ನು ಕಳೆದೆವು.

ಜೂನ್ 20, ಗುರುವಾರ. ಕ್ರೈಸ್ತರ ಯಾವುದೋ ಹಬ್ಬದ ಪ್ರಯುಕ್ತ ಫ್ರೈಬುರ್ಗಿನಲ್ಲಿ ರಜೆ, ಶುಕ್ರವಾರವೂ ತರಗತಿಗಳಿರಲಿಲ್ಲ. ಗಡಿಯಾಚೆಯ ಬಾಸೆಲ್ ನಗರದಲ್ಲಿ ಮಾತ್ರ ಆ ದಿನ ರಜೆಯಿಲ್ಲವೆಂದು ತಿಳಿದಾಗ ಗೆಳೆಯರು, "ಹೋಗೋಣವೇ?" ಎಂದರು. ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಾವು ಆ ಪ್ರಶ್ನೆಗಾಗಿಯೇ ಕಾದಿದ್ದೆವು ಎನ್ನಬೇಕು. ಬಾಸೆಲ್ ಎಂಬ ಹೆಸರನ್ನು ನಾವು ಮೊದಲು ಓದಿದ್ದು ಭೂಗೋಳದ ಪುಸ್ತಕದಲ್ಲಲ್ಲ, ಒಡೆದು ಬಿದ್ದ ಹಂಚಿನ ಮೇಲೆ. ನಮ್ಮ ಅಜ್ಜನ ಮನೆಯ ಮಾಡಿನಿಂದ ಒಂದು ಮಳೆಗಾಲದಲ್ಲಿ ಜಾರಿ ಅಂಗಳಕ್ಕೆ ಬಿದ್ದ ಹಂಚಿನಲ್ಲಿ 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್' ಎಂದು ಇಂಗ್ಲಿಷ್ ಅಕ್ಷರಗಳು ಒತ್ತಿದ್ದುವು. ಆಗತಾನೆ ಇಂಗ್ಲಿಷ್ ವರ್ಣಮಾಲೆ ಕಲಿತಿದ್ದ ನಾವು ಅದನ್ನು ಕೂಡಿಸಿ ಓದಿ, 'ಬಾಸೆಲ್' ಎಂದರೆ ಏನೆಂದು ಅಜ್ಜನನ್ನು ಕೇಳಿದ್ದೆವು. "ಅದು ಹಂಚು ಮಾಡುವವರ ಹೆಸರು" ಎಂದಿದ್ದರು ಅಜ್ಜ. ಬಹುಕಾಲ ನಾವು ಅದನ್ನು ಒಬ್ಬ ಮನುಷ್ಯನ ಹೆಸರೆಂದೇ ತಿಳಿದಿದ್ದೆವು.

ಬಾಸೆಲ್ ಸ್ವಿಟ್ಜರ್ಲೆಂಡಿನ ನಗರ. ಆದರೆ ನಮ್ಮ ರೈಲು ನಿಂತ ನಿಲ್ದಾಣ ಜರ್ಮನಿಯದು. ನೆಲ ಒಬ್ಬರದು, ಹಳಿ ಮತ್ತೊಬ್ಬರದು. 1852ರಲ್ಲಿ ಆಗಿನ ಬಾಡೆನ್ ಸಂಸ್ಥಾನಕ್ಕೂ ಸ್ವಿಸ್ ಒಕ್ಕೂಟಕ್ಕೂ ಆದ ಒಪ್ಪಂದ ಅದರ ಮೂಲ. ವೇದಿಕೆಯಿಂದ ಇಳಿದು ನೆಲದಡಿಯ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸುಂಕದ ಕಟ್ಟೆ. ಅದನ್ನು ದಾಟಿದರೆ ಪರದೇಶ. ಸ್ವಿಟ್ಜರ್ಲೆಂಡ್ 2008ರಲ್ಲಿ ಶೆಂಗೆನ್ ವ್ಯವಸ್ಥೆಗೆ ಸೇರಿದ ಮೇಲೆ ನಮ್ಮ ಜರ್ಮನ್ ವೀಸಾವೇ ಅಲ್ಲಿಯೂ ಸಲ್ಲುತ್ತಿತ್ತು. ಆದರೂ ಗಡಿಯೆಂದರೆ ಎದೆ ಹೊಡೆದುಕೊಳ್ಳುವುದು ನಮ್ಮ ಸೀಮೆಯವರ ರೂಢಿ. ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದು ನಡೆದೆವು. ಕಟ್ಟೆಯಲ್ಲಿದ್ದ ಅಧಿಕಾರಿ ಕಾಫಿ ಕುಡಿಯುತ್ತಿದ್ದರು. ನಮ್ಮತ್ತ ನೋಡಲೂ ಇಲ್ಲ. ಆ ಕಾಫಿಯ ಬೆಲೆ ನಮಗೆ ಅರ್ಧ ಗಂಟೆಯ ಮೇಲೆ ತಿಳಿಯಿತು: ಒಂದು ಲೋಟಕ್ಕೆ ಸುಮಾರು ಐದು ಫ್ರಾಂಕ್, ಆಗಿನ ಲೆಕ್ಕದಲ್ಲಿ 350 ರೂಪಾಯಿ. ಆಮೇಲೆ ಎರಡು ದಿನ ನಾವು ಮನೆಯಿಂದ ತಂದ ಅವಲಕ್ಕಿಯನ್ನೂ ಗೆಳೆಯರು ತಮ್ಮ ರೊಟ್ಟಿಯನ್ನೂ ನೆಚ್ಚಿಕೊಂಡೆವು.

ಸ್ಪಾಲೆನ್ ಹೆಬ್ಬಾಗಿಲೆಂಬ ಹಳೆಯ ಕೋಟೆಬಾಗಿಲನ್ನು ದಾಟಿದರೆ ಮಿಶನ್ ಬೀದಿ. 1815ರಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ದೊಡ್ಡ ಮನೆ ಅಲ್ಲಿದೆ. 1834ರಲ್ಲಿ ಇಲ್ಲಿಂದ ಹೊರಟ ಮೂವರು ಮಂಗಳೂರು ಸೇರಿದರು. 1841ರಲ್ಲಿ ಮುದ್ರಣಾಲಯ, 1843ರ ಜುಲೈ ಒಂದರಂದು ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1865ರಲ್ಲಿ ಹಂಚಿನ ಕಾರ್ಖಾನೆ. ಈ ಮನೆಯಲ್ಲಿ ತರಬೇತಿ ಪಡೆದು 1853ರಲ್ಲಿ ನಮ್ಮ ನಾಡಿಗೆ ಬಂದ ತರುಣ ಫರ್ಡಿನೆಂಡ್ ಕಿಟ್ಟೆಲ್. ನಲುವತ್ತು ವರ್ಷಗಳ ಮೇಲೆ, 1894ರಲ್ಲಿ, ಅವರ ನಿಘಂಟು ಹೊರಬಂದಿತು. ಇವರೆಲ್ಲ ಬಂದದ್ದು ತಮ್ಮ ಮತವನ್ನು ಸಾರುವುದಕ್ಕೆ ಎಂಬುದನ್ನು ಮರೆಯಬೇಕಾಗಿಲ್ಲ, ಮರೆಮಾಚಬೇಕಾಗಿಯೂ ಇಲ್ಲ. ಆದರೆ ಜನರ ಮಾತನ್ನು ಕಲಿಯದೆ ಜನರೊಡನೆ ಮಾತಾಡಲಾಗದು ಎಂಬಷ್ಟನ್ನು ಅವರು ಅರಿತಿದ್ದರು. ಈ ಅರಿವು ಅವರ ಮೊದಲೂ ಆಮೇಲೂ ಆಳಿದ ಎಷ್ಟೋ ಮಂದಿಗೆ ಇರಲಿಲ್ಲ.

ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದಿದ್ದುದರಿಂದ ದಾಖಲೆಗಳ ಕೋಣೆಯಲ್ಲಿ ನಮಗೆ ಒಂದು ಮೇಜು ಸಿಕ್ಕಿತು. ಮೊದಲು ಚಿತ್ರಗಳನ್ನು ನೋಡಿದೆವು. ಮಂಗಳೂರಿನ ಹಂಚಿನ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಕೆಲಸಗಾರರು. ಶಾಲೆಯ ಜಗಲಿಯಲ್ಲಿ ಕ್ಯಾಮರಾವನ್ನು ದಿಟ್ಟಿಸುತ್ತ ಕುಳಿತ ಮಕ್ಕಳು. ಆ ಮಕ್ಕಳಲ್ಲೊಬ್ಬ ಅಲುಗಾಡಿದ್ದರಿಂದ ಅವನ ಮುಖ ಮಂಜಾಗಿತ್ತು. ತರಗತಿಯಲ್ಲಿ ಅಂಥವನೊಬ್ಬ ಯಾವ ಕಾಲಕ್ಕೂ ಇರುತ್ತಾನೆ.

ಬಳಿಕ ಒಂದು ಕಟ್ಟು ಕಾಗದ ಬಂದಿತು. ಹತ್ತೊಂಬತ್ತನೆಯ ಶತಮಾನದ ವರದಿಗಳು, ಕೈಬರಹದವು. ನಾವು ಹತ್ತು ವಾರಗಳಲ್ಲಿ ಕಲಿತ ಅಲ್ಪಸ್ವಲ್ಪ ಜರ್ಮನ್ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಒಂದಕ್ಷರವೂ ಗುರುತು ಹತ್ತಲಿಲ್ಲ. ಪುಟದ ತುಂಬ ಓರೆಯಾದ ಚೂಪು ಗೆರೆಗಳು, ಗಾಳಿಗೆ ಬಾಗಿದ ಬತ್ತದ ಪೈರಿನಂತೆ. ಅದು ಜರ್ಮನರು ಹಿಂದೆ ಬಳಸುತ್ತಿದ್ದ ಕುರೆಂಟ್ ಎಂಬ ಬರವಣಿಗೆ. 1941ರಲ್ಲಿ ಅಲ್ಲಿನ ಶಾಲೆಗಳಿಂದ ಅದನ್ನು ತೆಗೆದುಹಾಕಿದ ಮೇಲೆ ಈಗಿನ ಜರ್ಮನರಲ್ಲಿ ಹೆಚ್ಚಿನವರಿಗೆ ಅದನ್ನು ಓದಲು ಬರುವುದಿಲ್ಲ.

ಗೆಳೆಯರು ಕನ್ನಡಕವನ್ನು ಒರೆಸಿಕೊಂಡು, ಬೆರಳನ್ನು ಸಾಲಿನ ಕೆಳಗೆ ಇರಿಸಿ, ಒಂದನೆಯ ತರಗತಿಯ ಹುಡುಗನಂತೆ ಮೆಲ್ಲಗೆ ಓದತೊಡಗಿದರು. ನಮಗೆ ಆಶ್ಚರ್ಯವಾಯಿತು. ಓದಿನ ನಡುವೆ ನಮ್ಮ ಕಿವಿಗೆ ನಾಲ್ಕೇ ಮಾತುಗಳು ಪರಿಚಿತವಾಗಿ ಬಿದ್ದುವು: ಮಂಗಳೂರು, ಮೂಲ್ಕಿ, ಉಡುಪಿ, ಹುಬ್ಬಳ್ಳಿ. ಅವರು ತಡವರಿಸಿದ ಕಡೆ ನಾವು ಊರಿನ ಹೆಸರನ್ನು ಸರಿಯಾಗಿ ಹೇಳಿಕೊಟ್ಟೆವು; ಉಳಿದುದನ್ನೆಲ್ಲ ಅವರು ನಮಗೆ ಹೇಳಿದರು. ಹೀಗೆ ಒಂದು ಪುಟವನ್ನು ಇಬ್ಬರು ಅಧ್ಯಾಪಕರು ಸೇರಿ ಓದಿ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. ಪುಟದಲ್ಲಿ ವಿಶೇಷವೇನೂ ಇರಲಿಲ್ಲವೆನ್ನಿ: ಮಳೆ, ಜ್ವರ, ಶಾಲೆಗೆ ಬಾರದ ಮಕ್ಕಳು.

"ನಿಮಗೆ ಈ ಲಿಪಿಯನ್ನು ಕಲಿಸಿದವರು ಯಾರು?" ಎಂದು ಹೊರಗೆ ಬಂದ ಮೇಲೆ ಕೇಳಿದೆವು.

"ಅಜ್ಜಿ" ಎಂದರು. "ಅವಳಿಗೆ ಕಲಿಸಿದ್ದು ಒಂದು ಹುಲ್ಲಿನ ಅಟ್ಟದಲ್ಲಿ."

ರೈನ್ ನದಿಯ ದಂಡೆಯ ಮೆಟ್ಟಿಲುಗಳ ಮೇಲೆ ಕುಳಿತು ಅವರು ಹೇಳಿದ ಕಥೆ ಇದು. ಇಟಲಿಯಲ್ಲಿ ಮುಸೊಲಿನಿಯ ಆಡಳಿತ ಬಂದ ಮೇಲೆ 1923ರಿಂದ ದಕ್ಷಿಣ ಟೈರೋಲಿನ ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ವರ್ಷಕ್ಕೊಂದು ತರಗತಿಯಂತೆ ನಿಲ್ಲಿಸುತ್ತ ಬಂದರು. ಊರುಗಳ ಹೆಸರು ಬದಲಾಯಿತು. ಆಗ ಮೈಕೆಲ್ ಗಾಂಪರ್ ಎಂಬ ಪಾದ್ರಿಯ ಪ್ರೇರಣೆಯಿಂದ ಹಳ್ಳಿಹಳ್ಳಿಗಳಲ್ಲಿ ಗುಟ್ಟಿನ ಶಾಲೆಗಳು ಹುಟ್ಟಿಕೊಂಡವು. ಮೊದಲ ಕ್ರೈಸ್ತರು ನೆಲದಡಿಯ ಗುಹೆಗಳಲ್ಲಿ ಅಡಗಿ ಪೂಜಿಸುತ್ತಿದ್ದರೆಂಬ ನಂಬಿಕೆಯನ್ನು ನೆನೆದು ಅವನ್ನು 'ನೆಲಗುಹೆ ಶಾಲೆ'ಗಳೆಂದು ಕರೆದರು. ಹೊಲಿಗೆ ಕಲಿಯುವ ನೆಪದಲ್ಲಿ, ಅಟ್ಟದಲ್ಲಿ, ಅಡುಗೆಮನೆಯಲ್ಲಿ, ನಾಲ್ಕೈದು ಮಕ್ಕಳು ಸೇರುವರು. ಇಪ್ಪತ್ತರ ಆಸುಪಾಸಿನ ಹುಡುಗಿಯರು ಕಲಿಸುವರು. ಸಿಕ್ಕಿಬಿದ್ದರೆ ದಂಡ, ಸೆರೆ, ಗಡೀಪಾರು. ಆಂಜೆಲಾ ನಿಕೊಲೆಟ್ಟಿ ಎಂಬ ಅಧ್ಯಾಪಿಕೆ ಸೆರೆಮನೆಯನ್ನೂ ಊರಿನಿಂದ ಹೊರದೂಡಿಸಿಕೊಂಡ ಕಷ್ಟವನ್ನೂ ಅನುಭವಿಸಿ 1930ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಕ್ಷಯದಿಂದ ತೀರಿಕೊಂಡಳು. ಗೆಳೆಯರ ಅಜ್ಜಿ ಅಂಥದೊಂದು ಅಟ್ಟದಲ್ಲಿ ಕುಳಿತು ಕಲಿತ ಹುಡುಗಿ. ಪುಸ್ತಕವನ್ನು ಪಾವಡೆಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬರುತ್ತಿದ್ದಳಂತೆ. ಮುದುಕಿಯಾದ ಮೇಲೂ ಯಾರಾದರೂ ಬಾಗಿಲು ತಟ್ಟಿದರೆ ಓದುತ್ತಿದ್ದ ಪುಸ್ತಕವನ್ನು ಮೊದಲು ಮುಚ್ಚಿ, ಆಮೇಲೆ ಎದ್ದು ಹೋಗುತ್ತಿದ್ದಳಂತೆ.

ನಮಗೆ ನಮ್ಮ ಅಜ್ಜನ ಮನೆಯ ಅಟ್ಟ ನೆನಪಾಯಿತು. ಅಲ್ಲಿ ತಾಳೆಗರಿಯ ಎರಡು ಕಟ್ಟುಗಳಿದ್ದುವು, ತಿಗಳಾರಿ ಲಿಪಿಯವು. ಅಜ್ಜನಿಗೆ ಓದಲು ಬರುತ್ತಿತ್ತು. ತಂದೆಯವರಿಗೆ ಬರಲಿಲ್ಲ. ಅದನ್ನು ನಮ್ಮಿಂದ ಯಾರೂ ಕಿತ್ತುಕೊಂಡಿರಲಿಲ್ಲ, ಯಾರೂ ದಂಡ ವಿಧಿಸಿರಲಿಲ್ಲ. ಕೇಳಲಿಲ್ಲ, ಕಲಿಸಲಿಲ್ಲ; ಅಷ್ಟೆ.

ಈಗ ಅವರ ನಾಡಿನಲ್ಲಿ ಹೇಗೆ? 1946ರ ಪ್ಯಾರಿಸ್ ಒಪ್ಪಂದ, ಮುಂದೆ ಬಹಳ ಹೋರಾಟ, ಕೊನೆಗೆ 1972ರ ಸ್ವಾಯತ್ತತೆಯ ಶಾಸನ. ಅದರ ಒಂದು ವಿಧಿಯನ್ನು ಅವರು ಬಾಯಿಪಾಠವಾಗಿ ಹೇಳಿದರು: ಮಕ್ಕಳಿಗೆ ಅವರ ತಾಯ್ನುಡಿಯಲ್ಲಿ ಪಾಠ, ಪಾಠ ಹೇಳುವವರಿಗೂ ಅದೇ ತಾಯ್ನುಡಿಯಾಗಿರತಕ್ಕದ್ದು. ಜೊತೆಗೆ ಇಟಾಲಿಯನ್ ಭಾಷೆಯನ್ನು ಎಲ್ಲರೂ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ನಾವು ಆ ವಿಧಿಯನ್ನು ಮತ್ತೊಮ್ಮೆ ಹೇಳಿಸಿಕೊಂಡೆವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ನೇಮಕವಾಗಿ ಬರುವ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ನಮ್ಮ ಶಾಲೆಗೂ ಹಾಗೆ ಒಬ್ಬರು ಗಣಿತ ಕಲಿಸಲು ಬಂದಿದ್ದರು. ಒಳ್ಳೆಯ ಮನುಷ್ಯ, ಅವರ ತಪ್ಪೇನೂ ಇರಲಿಲ್ಲ. ಕಪ್ಪುಹಲಗೆಯಲ್ಲಿ ಲೆಕ್ಕವನ್ನು ಮೌನವಾಗಿ ಬಿಡಿಸಿ, ಮಕ್ಕಳತ್ತ ತಿರುಗಿ, ಮುಗುಳ್ನಗುತ್ತಿದ್ದರು. ಮಕ್ಕಳೂ ಮುಗುಳ್ನಗುತ್ತಿದ್ದರು. ಭಾಗಾಕಾರ ಮಾತ್ರ ಯಾರಿಗೂ ಬರಲಿಲ್ಲ.

ಇದನ್ನು ಕೇಳಿ ಗೆಳೆಯರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ನಿಮ್ಮ ಮಕ್ಕಳು ನಿಮ್ಮ ಶಾಲೆಯಲ್ಲೇ ಓದಿದರೇ?"

ನದಿಯಲ್ಲಿ ಆಗ ಒಂದು ವಿನೋದ ನಡೆದಿತ್ತು. ಬೇಸಗೆಯ ಸಂಜೆ ಆ ಊರಿನ ಜನ ಬಟ್ಟೆಗಳನ್ನು ನೀರು ಹೋಗದ ಮೀನಿನಾಕಾರದ ಚೀಲದಲ್ಲಿ ಕಟ್ಟಿ, ಅದನ್ನು ಅಪ್ಪಿಕೊಂಡು, ಹೊಳೆಯ ಸೆಳೆತದಲ್ಲಿ ತೇಲುತ್ತ ಸಾಗುತ್ತಾರೆ. ಕೆಲಸದಿಂದ ಮನೆಗೆ ಹೋಗುವವರೂ ಅವರಲ್ಲುಂಟು. ನಾವು ಅತ್ತ ನೋಡುತ್ತ ಉತ್ತರಕ್ಕೆ ತಡಮಾಡಿದೆವು. ಹಿರಿಯ ಮಗ ನಮ್ಮ ಶಾಲೆಯಲ್ಲೇ ಓದಿದ. ಮಗಳ ಹೊತ್ತಿಗೆ ಮನೆಯಲ್ಲಿ ಚರ್ಚೆಯಾಯಿತು. ನೆರೆಹೊರೆಯವರೆಲ್ಲ ಪೇಟೆಯ ಇಂಗ್ಲಿಷ್ ಶಾಲೆಯ ವಾಹನಕ್ಕೆ ಮಕ್ಕಳನ್ನು ಹತ್ತಿಸುತ್ತಿದ್ದರು. ನಾವೂ ಹತ್ತಿಸಿದೆವು. ಅದೇ ವರ್ಷ ನಮ್ಮ ಶಾಲೆಯ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸಿರೆಂದು ಮನೆಮನೆಗೆ ಹೋಗಿ ಕೇಳಿದವರೂ ನಾವೇ. ಒಂದು ಮನೆಯ ತಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟು, "ಮಾಷ್ಟ್ರೇ, ನಿಮ್ಮ ಮಗಳು ಯಾವ ಶಾಲೆಗೆ?" ಎಂದು ಕೇಳಿದ್ದರು. ಆ ಮಜ್ಜಿಗೆಯನ್ನು ಹೇಗೆ ಕುಡಿದು ಮುಗಿಸಿದೆವೋ ತಿಳಿಯದು.

ಗೆಳೆಯರಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. "ಅವಳಿಗೆ ಓದಲು ಬರುತ್ತದೆಯೇ?" ಎಂದರು. ಅಕ್ಷರ ಗುರುತಿಸುತ್ತಾಳೆ, ತಾಯಿ ರಜೆಯಲ್ಲಿ ಕಲಿಸಿದ್ದಾಳೆ, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ ಎಂದೆವು. ಅವರು ತಲೆಯಾಡಿಸಿದರು. ಯಾವ ಉಪದೇಶವನ್ನೂ ಮಾಡಲಿಲ್ಲ.

ಮರುದಿನ ಶುಕ್ರವಾರ ಊರು ಸುತ್ತಿದೆವು. ವಸತಿಗೃಹದಲ್ಲಿ ತಂಗಿದವರಿಗೆ ಟ್ರಾಮಿನ ಪ್ರಯಾಣ ಉಚಿತ; ಇಂಥ ಸೌಕರ್ಯವನ್ನು ಅಧ್ಯಾಪಕರು ಬಿಡುವುದುಂಟೇ? ಕೆಂಪು ಮರಳುಗಲ್ಲಿನ ದೊಡ್ಡ ಇಗರ್ಜಿಯಲ್ಲಿ 1536ರಲ್ಲಿ ಈ ಊರಿನಲ್ಲಿ ತೀರಿಕೊಂಡ ವಿದ್ವಾಂಸ ಎರಾಸ್ಮಸನ ಸಮಾಧಿಯನ್ನು ಕಂಡೆವು. ಗಣಿತಜ್ಞ ಆಯ್ಲರ್ 1707ರಲ್ಲಿ ಹುಟ್ಟಿದ ಊರೂ ಇದೇ. ನಮ್ಮ ಮನಸ್ಸನ್ನು ಸೆಳೆದದ್ದು ಮಾತ್ರ ಇಗರ್ಜಿಯ ಕೆಳಗಿನ ಕಡವು. ಅಲ್ಲಿನ ದೋಣಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಜಲ್ಲೆಯಿಲ್ಲ. ಹೊಳೆಯ ಮೇಲೆ ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗ. ಅದರ ಮೇಲೆ ಜಾರುವ ಗಾಲಿಯಿಂದ ದೋಣಿಗೆ ಇನ್ನೊಂದು ಹಗ್ಗ. ಅಂಬಿಗ ಒಂದು ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ದೋಣಿ ಪ್ರವಾಹಕ್ಕೆ ಓರೆಯಾಗಿ ನಿಲ್ಲುತ್ತದೆ. ಕೆಳಕ್ಕೆ ಒಯ್ಯಲಾರದ ನೀರು ಅದನ್ನು ಅಡ್ಡಕ್ಕೆ ತಳ್ಳುತ್ತದೆ. ಹಿಂದಿರುಗುವಾಗ ಹಿಡಿಯನ್ನು ಬಲಕ್ಕೆ ತಿರುಗಿಸಿದರಾಯಿತು. ಆ ನಗರದಲ್ಲಿ ಇಂಥ ನಾಲ್ಕು ಕಡವುಗಳಿವೆ. ಬಲಗಳ ವಿಭಜನೆಯನ್ನು ಕಪ್ಪುಹಲಗೆಯಲ್ಲಿ ಬಾಣದ ಗುರುತು ಹಾಕಿ ಇಪ್ಪತ್ತೈದು ವರ್ಷ ಕಲಿಸಿದ ನಾವು ಅದನ್ನು ಕಾಲಿನಡಿಯಲ್ಲಿ ಅನುಭವಿಸಿದ್ದು ಅಂದೇ. ಮೂರು ಬಾರಿ ದಾಟಿದೆವು. ಅಂಬಿಗನಿಗೆ ಅನುಮಾನ ಬಂದಿರಬೇಕು.

ಮಧ್ಯಾಹ್ನ 8ನೆಯ ನಂಬರಿನ ಟ್ರಾಮು ಹತ್ತಿದೆವು. 2014ರ ಕೊನೆಯಿಂದ ಅದು ಸ್ವಿಟ್ಜರ್ಲೆಂಡಿನಿಂದ ಗಡಿ ದಾಟಿ ಜರ್ಮನಿಯ ವೈಲ್ ಪಟ್ಟಣಕ್ಕೆ ಹೋಗುತ್ತದೆ. 3ನೆಯದು 2017ರಿಂದ ಫ್ರಾನ್ಸಿನ ಸೇಂಟ್ ಲೂಯಿಗೆ. ಟ್ರಾಮಿನ ತುಂಬ ಬರಿಯ ಚೀಲ ಹಿಡಿದ ಗೃಹಿಣಿಯರು. ಜರ್ಮನಿಯಲ್ಲಿ ದಿನಸಿ ಅಗ್ಗ. ತಲಪಾಡಿಯಾಚೆಗೆ ಮೀನಿಗೂ ಮದುವೆಯ ಜವಳಿಗೂ ಆಸ್ಪತ್ರೆಗೂ ಹೋಗುವ ನಮ್ಮವರ ಬಸ್ಸೇ ಇದು ಎನಿಸಿತು. ವೈಲ್‌ನಿಂದ ರೈನ್ ನದಿಗೆ ಅಡ್ಡಲಾಗಿ 248 ಮೀಟರ್ ಉದ್ದದ ಕಾಲುಸೇತುವೆಯೊಂದು 2007ರಲ್ಲಿ ಆಗಿದೆ. ಆಚೆ ದಡ ಫ್ರಾನ್ಸ್. ಸೇತುವೆಯ ನಡುವೆ ನಿಂತರೆ ಹಿಂದೆ ಜರ್ಮನಿ, ಮುಂದೆ ಫ್ರಾನ್ಸ್, ಪಕ್ಕಕ್ಕೆ ಹೊರಳಿದರೆ ಸ್ವಿಟ್ಜರ್ಲೆಂಡ್. ಮೂರೂ ದೇಶಗಳು ಕೂಡುವ ಬಿಂದು ನೀರಿನೊಳಗೆ ಎಲ್ಲೋ ಇದೆ, ಕಣ್ಣಿಗೆ ಕಾಣದು. ಕಂಡದ್ದು ಸೈಕಲ್ ತುಳಿಯುತ್ತ ಹೋದ ಒಬ್ಬ ಅಂಚೆಯವ.

ಆದರೆ ಇದನ್ನೇ ಸ್ವರ್ಗವೆಂದು ವರ್ಣಿಸಿದರೆ ತಪ್ಪಾದೀತು. ಮರುವರ್ಷ, 2020ರ ಮಾರ್ಚಿನಲ್ಲಿ, ಸಾಂಕ್ರಾಮಿಕ ರೋಗದ ಭಯದಿಂದ ನಮ್ಮ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ತಲಪಾಡಿಯಲ್ಲಿ ನಿಂತ ದಿನಗಳಲ್ಲಿ ಗೆಳೆಯರು ಫೋನು ಮಾಡಿದ್ದರು. ಬಾಸೆಲಿನ ಸುತ್ತಲಿನ ಗಡಿಗಳೂ ಮುಚ್ಚಿವೆ, ನಾವು ದಾಟಿದ ಸೇತುವೆಯನ್ನು ಈಗ ಮನಬಂದಂತೆ ದಾಟುವ ಹಾಗಿಲ್ಲ ಎಂದರು. ಅಲ್ಲಿ ಅವು ಜೂನ್ 15ರಂದು ತೆರೆದುವು.

ಪ್ರವಾಸದ ಕಡೆಯ ಕೆಲಸವೊಂದು ಉಳಿದಿತ್ತು. ನಿಲ್ದಾಣಕ್ಕೆ ಮರಳುವ ಮೊದಲು ಕಡವಿನ ದೋಣಿಯ ಚಿತ್ರವಿರುವ ಎರಡು ಅಂಚೆಕಾರ್ಡು ಕೊಂಡೆವು. ಗೆಳೆಯರು ತಮ್ಮದನ್ನು ತಮ್ಮ ಶಾಲೆಯ ಮಕ್ಕಳಿಗೆ ಬರೆದರು. ನಾವು ಮಗಳಿಗೆ. ಯಾವ ಭಾಷೆಯಲ್ಲಿ ಬರೆಯುವುದೆಂದು ಲೇಖನಿ ಹಿಡಿದು ಸ್ವಲ್ಪ ಹೊತ್ತು ಕುಳಿತೆವು. ಇಂಗ್ಲಿಷಿನಲ್ಲಿ ಬರೆದರೆ ಅವಳು ಒಂದೇ ಉಸಿರಿಗೆ ಓದಿಬಿಡುವಳು. ಕೊನೆಗೆ ಕನ್ನಡದಲ್ಲಿಯೇ, ದೊಡ್ಡ ಅಕ್ಷರಗಳಲ್ಲಿ, ಆರು ಸಾಲು ಬರೆದೆವು: ದೋಣಿಯ ಬಗೆ, ಮೀನಿನ ಚೀಲದ ಬಗೆ, ಟ್ರಾಮು ಹತ್ತಿ ಜರ್ಮನಿಗೆ ಹೋದ ಬಗೆ. ಗೆಳೆಯರು ಆ ಲಿಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಅಜ್ಜಿಯ ಹೆಣಿಗೆಯಂತಿದೆ ಎಂದರು.

ಕಾರ್ಡು ಊರು ಸೇರಲು ಮೂರು ವಾರ ಹಿಡಿಯಿತು. ಒಂದು ರಾತ್ರಿ ಮನೆಯಿಂದ ಫೋನು ಬಂದಿತು. ತಾಯಿ ಓದಿ ಹೇಳುತ್ತೇನೆಂದರೂ ಕೊಡದೆ, ಹುಡುಗಿ ಎರಡು ದಿನ ತಾನೇ ಇಟ್ಟುಕೊಂಡಿದ್ದಳಂತೆ. ಹಳಬರ ರೂಢಿಯಂತೆ ನಾವು ಅರ್ಕಾವೊತ್ತನ್ನು ಅಕ್ಷರದ ಮುಂದೆಯೇ ಬರೆಯುವವರು.

"ಅಪ್ಪಾ," ಎಂದಳು, "ಐದನೆಯ ಸಾಲಿನಲ್ಲಿ 'ಜಮ' ಅಂತ ಬರೆದು, ಆಮೇಲೆ ಕ್ಯಾಲೆಂಡರಿನಲ್ಲಿರುವ ಒಂಬತ್ತು ಹಾಕಿ, ಆಮೇಲೆ 'ನಿ' ಅಂತ ಬರೆದದ್ದು ಯಾಕೆ?"